ಒಂದು ಡಿಗ್ರಿ ಮುಂದಕ್ಕೆ: ಹಳೇ ಹೋಂಡಾ ಸಿಟಿಗೆ ಕ್ಯಾಮ್ ಗೇರ್ ಹಾಕಿದ ಅನುಭವ

ಸಂಪಾಜೆ ದಾಟಿ ಮಡಿಕೇರಿ ಕಡೆ ಹತ್ತುವಾಗ ನನ್ನ ಸಿಟಿ ಸೋತಿದೆ ಅಂತ ಸರಿಯಾಗಿ ಗೊತ್ತಾಗಿದ್ದು ಕಳೆದ ಸಲ ಮಂಗಳೂರಿನಿಂದ ಬರುವಾಗ. ಹಿಂದಿನ ಸೀಟಿನಲ್ಲಿ ಅಮ್ಮ, ಅಕ್ಕ, ಅಕ್ಕನ ಮಗಳು. ಡಿಕ್ಕಿ ತುಂಬಾ ಸಾಮಾನು. ಮೂರನೇ ಗೇರಿನಲ್ಲಿ ಸಲೀಸಾಗಿ ಹತ್ತುತ್ತಿದ್ದ ತಿರುವುಗಳಲ್ಲೆಲ್ಲ ಎರಡಕ್ಕೆ ಇಳಿಸಬೇಕಾಯಿತು. ಭಾವ ಪಕ್ಕದಲ್ಲಿ ಕೂತಿದ್ದರು. "ಇದು ಮೊದಲಿನ ಗಾಡಿ ಅಲ್ಲ ಕಣೋ" ಅಂದರು. ನನಗೂ ಹಾಗೇ ಅನ್ನಿಸಿತ್ತು.

ಗಾಡಿ 2001ರ ಹೋಂಡಾ ಸಿಟಿ, 1.5 ವಿಟೆಕ್. ವಿಟೆಕ್ ಅಂದರೆ ಎಂಜಿನ್ ಜೋರಾಗಿ ತಿರುಗುವಾಗ ವಾಲ್ವುಗಳನ್ನು ಹೆಚ್ಚು ತೆರೆಯುವ ಹೋಂಡಾದ ವ್ಯವಸ್ಥೆ. ಕಂಪನಿ ಹೇಳಿದ್ದು 106 ಕುದುರೆ ಶಕ್ತಿ. ಅದರ ನಂತರ 2003ರಲ್ಲಿ ಬಂದ ಸಿಟಿಗೆ 77 ಮಾತ್ರ ಇತ್ತು. ಹಾಗಾಗಿ ಈ ಹಳೇ ವಿಟೆಕ್ ಇಟ್ಟುಕೊಂಡವರು ಅದನ್ನು ಸುಲಭಕ್ಕೆ ಮಾರುವುದಿಲ್ಲ. ನಾನೂ ಅಷ್ಟೆ. ಅಪ್ಪ ತೆಗೆದುಕೊಂಡ ಗಾಡಿ. ನಾನು ಡ್ರೈವಿಂಗ್ ಕಲಿತಿದ್ದು ಇದರಲ್ಲೇ, ಸುಂಟಿಕೊಪ್ಪದ ಆಚೆಯ ತೋಟದ ರಸ್ತೆಯಲ್ಲಿ.

ಸೋತಿದ್ದಕ್ಕೆ ಕಾರಣವೂ ಇತ್ತು. ಒಂದು ಬೇಸಿಗೆಯಲ್ಲಿ ಕೊಯನಾಡಿನ ಹತ್ತಿರ ರೇಡಿಯೇಟರ್ ಫ್ಯಾನ್ ನಿಂತುಹೋಗಿ ನೀರು ಕುದಿಯಿತು. ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗಿರುವ ಗ್ಯಾಸ್ಕೆಟ್ ಹೋಯಿತು. ಒಂದು ಗ್ಯಾರೇಜಿನಲ್ಲಿ ಹೆಡ್ ಬಿಚ್ಚಿ ಫೇಸಿಂಗ್ (ಅಡಿಯನ್ನು ಕೆತ್ತಿ ಸಮ ಮಾಡುವುದು) ಮಾಡಿಸಿ ಕೂರಿಸಿದರು. ವರ್ಷ ತುಂಬುವ ಮೊದಲೇ ಅದೇ ಗ್ಯಾಸ್ಕೆಟ್ ಮತ್ತೆ ಸೋರಿತು. ಇನ್ನೊಂದು ಕಡೆ ಮತ್ತೆ ಫೇಸಿಂಗ್. ಎರಡೂ ಸೇರಿ ಹೆಡ್ಡಿನಿಂದ ಸುಮಾರು ಅರ್ಧ ಮಿಲಿಮೀಟರ್ ಹೋಗಿದೆ ಅಂತ ಎರಡನೇ ಸಲ ಕೆಲಸ ಮಾಡಿದ ಮೆಕ್ಯಾನಿಕ್ ಅಣ್ಣ ಅಳೆದು ಹೇಳಿದರು. ಅವರು ಕುಶಾಲನಗರದವರು. ಇಲ್ಲಿಂದ ಮುಂದಿನ ಕೆಲಸಕ್ಕೆಲ್ಲ ಅವರೇ ಜೊತೆಗಿದ್ದರು.

ಹೆಡ್ ಕೆತ್ತಿದರೆ ಅದರ ಮೇಲೆ ಕೂತು ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಅಷ್ಟೇ ಕೆಳಗೆ ಬರುತ್ತದೆ. ಪಿಸ್ಟನ್ನುಗಳು ತಿರುಗಿಸುವ ಕೆಳಗಿನ ಕ್ರ್ಯಾಂಕಿಗೂ ಕ್ಯಾಮಿಗೂ ನಡುವಿನ ದೂರ ಕಡಿಮೆಯಾಗುತ್ತದೆ. ಇವೆರಡನ್ನೂ ಜೋಡಿಸುವ ಟೈಮಿಂಗ್ ಬೆಲ್ಟಿನ ಉದ್ದ ಮಾತ್ರ ಅಷ್ಟೇ ಇರುತ್ತದೆ ಅಲ್ವಾ? ಎಳೆಯುವ ಬದಿಯಲ್ಲಿ ಆದ ಸಡಿಲವನ್ನು ಕ್ಯಾಮ್ ಸ್ವಲ್ಪ ಹಿಂದಕ್ಕೆ ಸರಿದು ತುಂಬಿಕೊಳ್ಳುತ್ತದೆ, ಅಂದರೆ ವಾಲ್ವುಗಳು ತಡವಾಗಿ ತೆರೆದು ತಡವಾಗಿ ಮುಚ್ಚುತ್ತವೆ. ಅರ್ಧ ಮಿಲಿಮೀಟರಿಗೆ ಲೆಕ್ಕ ಹಾಕಿದರೆ ಕ್ರ್ಯಾಂಕಿನ ಮೇಲೆ ಸುಮಾರು ಒಂದು ಡಿಗ್ರಿ. ಬಹಳ ಅಲ್ಲ. ಆದರೆ ಹೆಡ್ ಎಷ್ಟು ಸಲ ಕೆತ್ತಿದರೂ ಕ್ಯಾಮ್ ಹಿಂದಕ್ಕೇ ಹೋಗುತ್ತದೆ, ಮುಂದಕ್ಕೆ ಬರುವುದೇ ಇಲ್ಲ.

ಇದನ್ನು ಸರಿ ಮಾಡಲು ಇರುವ ಒಂದು ದಾರಿ ಅಡ್ಜಸ್ಟ್ ಮಾಡುವ ಕ್ಯಾಮ್ ಗೇರ್. ಕಂಪನಿಯ ಗೇರ್ ಒಂದೇ ತುಂಡು. ಇದು ಎರಡು ತುಂಡು. ಹಲ್ಲಿರುವ ಹೊರಗಿನ ಬಳೆ ಬೇರೆ, ಕ್ಯಾಮಿಗೆ ಕೂರುವ ಒಳಗಿನ ತಟ್ಟೆ ಬೇರೆ. ನಡುವೆ ಉದ್ದನೆಯ ತೂತುಗಳಲ್ಲಿ ಐದು ಸಣ್ಣ ಅಲೆನ್ ಬೋಲ್ಟು. ಅವನ್ನು ಸಡಿಲ ಮಾಡಿದರೆ ಬೆಲ್ಟ್ ಇದ್ದಲ್ಲೇ ಇರುತ್ತದೆ, ಕ್ಯಾಮನ್ನು ಮಾತ್ರ ಮುಂದಕ್ಕೋ ಹಿಂದಕ್ಕೋ ಸರಿಸಬಹುದು. ಹೋಂಡಾದ ಡಿ ಸರಣಿಯ ಎಂಜಿನ್ನಿಗೆ ಇಂಥ ಗೇರ್ ಹೊರದೇಶಗಳಲ್ಲಿ ಬೇಕಾದಷ್ಟು ಸಿಗುತ್ತದೆ. ನಮ್ಮ ನೆಂಟರೊಬ್ಬರು ಮಲೇಷ್ಯಾದಿಂದ ಬರುವಾಗ ಒಂದನ್ನು ತಂದುಕೊಟ್ಟರು. ಹಳೆಯದನ್ನೂ ಹೊಸದನ್ನೂ ಬೆನ್ನಿಗೆ ಬೆನ್ನು ಕೊಟ್ಟು ಹಿಡಿದು ಹಲ್ಲು ಎಣಿಸಿದೆ. ಎರಡರಲ್ಲೂ 38. ಅಗಲವೂ ಒಂದೇ. ಇದನ್ನು ನೋಡದೆ ಯಾರೂ ಹಾಕಬಾರದು.

ಕ್ಯಾಮ್ ಸರಿಸಿದರೆ ಏನಾಗುತ್ತದೆ ಅಂತ ಭಾವನಿಗೆ ಅರ್ಥ ಮಾಡಿಸಲು ನಾನು ಅವರ ಗದ್ದೆಯನ್ನೇ ಹಿಡಿದೆ. ಬದುವಿನಲ್ಲಿ ನೀರಿಗೆ ಒಂದು ಕಂಡಿ ಬಿಟ್ಟಿರುತ್ತೇವೆ. ತೋಡಿನಲ್ಲಿ ನೀರು ನಿಧಾನ ಇದ್ದಾಗ ಗದ್ದೆ ತುಂಬಿದ ಮೇಲೂ ಕಂಡಿ ತೆರೆದೇ ಇಟ್ಟರೆ ಬಂದ ನೀರು ವಾಪಸ್ ಹೋಗುತ್ತದೆ. ತೋಡಿನಲ್ಲಿ ರಭಸ ಇದ್ದರೆ ಇನ್ನಷ್ಟು ಹೊತ್ತು ತೆರೆದಿಟ್ಟರೂ ನೀರು ಒಳಗೇ ನುಗ್ಗುತ್ತದೆ. ಎಂಜಿನ್ನಿನಲ್ಲೂ ಹಾಗೆಯೇ. ಪಿಸ್ಟನ್ ಕೆಳಗೆ ಹೋಗಿ ಮತ್ತೆ ಮೇಲೆ ಹೊರಟ ಮೇಲೂ ಇನ್‌ಟೇಕ್ ವಾಲ್ವ್ ಸ್ವಲ್ಪ ಹೊತ್ತು ತೆರೆದಿರುತ್ತದೆ. ಕಡಿಮೆ ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಆಗ ಒಳಗೆ ಬಂದ ಗಾಳಿಯಲ್ಲಿ ಒಂದಿಷ್ಟು ಹೊರಗೆ ಹೋಗುತ್ತದೆ. ಕ್ಯಾಮ್ ಮುಂದಕ್ಕೆ ಸರಿಸಿದರೆ ವಾಲ್ವ್ ಬೇಗ ಮುಚ್ಚುತ್ತದೆ, ಗಾಳಿ ಉಳಿಯುತ್ತದೆ, ಕೆಳಗಿನ ಪಿಕಪ್ ಜಾಸ್ತಿಯಾಗುತ್ತದೆ. ಜಾಸ್ತಿ ಆರ್‌ಪಿಎಂನಲ್ಲಿ ಗಾಳಿಗೇ ರಭಸ ಇರುವುದರಿಂದ ತಡವಾಗಿ ಮುಚ್ಚುವುದು ಲಾಭ. ಹಿಂದಕ್ಕೆ ಸರಿಸಿದರೆ ಆ ಕಡೆ ಶಕ್ತಿ ಸಿಗುತ್ತದೆ.

"ಹಾಗಾದ್ರೆ ಎರಡೂ ಒಟ್ಟಿಗೆ ಸಿಗಲ್ಲ" ಅಂದರು ಭಾವ. ಸಿಗುವುದಿಲ್ಲ. ಎರಡು ಕ್ಯಾಮ್ ಇರುವ ಎಂಜಿನ್ನಿನಲ್ಲಾದರೆ ಇನ್‌ಟೇಕ್ ಬೇರೆ, ಎಕ್ಸಾಸ್ಟ್ ಬೇರೆ ಸರಿಸಿ ನೋಡಬಹುದು. ನಮ್ಮದರಲ್ಲಿ ಇರುವುದು ಒಂದೇ ಕ್ಯಾಮ್. ಸರಿಸಿದರೆ ಎರಡೂ ಒಟ್ಟಿಗೇ ಸರಿಯುತ್ತವೆ.

ನಮ್ಮ ಕೊಡಗಿಗೆ ಬೇಕಾಗಿರುವುದು ಕೆಳಗಿನ ಪಿಕಪ್. ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲೆ ಬಂದರೆ ಗಾಳಿ ಸುಮಾರು ಹತ್ತರಲ್ಲಿ ಒಂದು ಪಾಲು ತೆಳುವಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ನಿನ ಶಕ್ತಿಯೂ ಹತ್ತಿರ ಹತ್ತಿರ ಅಷ್ಟೇ ಇಳಿಯುತ್ತದೆ. ಮಡಿಕೇರಿ ಅದಕ್ಕಿಂತಲೂ ಎತ್ತರ. ನೇರ ರಸ್ತೆ ಎಲ್ಲಿದೆ ಇಲ್ಲಿ? ತಿರುವಿನಿಂದ ತಿರುವಿಗೆ 3000ದಿಂದ 4500ರ ಒಳಗೇ ಓಡಿಸುವುದು.

ಕೆಲಸ ಶುರು ಮಾಡಿದ್ದು ಮಾರ್ಚಿನಲ್ಲಿ. ಕಾಫಿ ಕೊಯ್ಲು ಮುಗಿದಿತ್ತು. ಹೂಮಳೆ ಬಂದು ಹೋಗಿತ್ತು. ಭಾವನ ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟು ಶೆಡ್ಡಿನ ಒಳಗೂ ಅದರದೇ ಪರಿಮಳ. ಕಣ ಖಾಲಿ ಇತ್ತು, ಅಲ್ಲೇ ಗಾಡಿ ನಿಲ್ಲಿಸಿದೆವು. ಗೇಟಿನಿಂದ ಕಣದವರೆಗೆ ತೋಟದೊಳಗೆ ಮುನ್ನೂರು ಮೀಟರಿನಷ್ಟು ಕಾಂಕ್ರೀಟ್ ರಸ್ತೆ ಇದೆ. ಸ್ವಲ್ಪ ಏರು. ಅಳತೆಗೆ ಅದೇ ಜಾಗ. ಸಾರ್ವಜನಿಕ ರಸ್ತೆಯಲ್ಲಿ ಇಂಥ ಪರೀಕ್ಷೆ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆವು.

ಗೇರ್ ಮುಟ್ಟುವ ಮೊದಲು ಅಣ್ಣ ಮೂರು ಕೆಲಸ ಮಾಡಿಸಿದರು. ಹೊಸ ಪ್ಲಗ್. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಚೆಕ್. ಆಮೇಲೆ ಟ್ಯಾಪೆಟ್, ಅಂದರೆ ವಾಲ್ವಿನ ತುದಿಯಲ್ಲಿ ಬಿಡುವ ಸಂದು. ಎಂಜಿನ್ ಪೂರ್ತಿ ತಣ್ಣಗಿರುವಾಗ ಇನ್‌ಟೇಕ್ ಕಡೆ 0.18ರಿಂದ 0.22 ಮಿಲಿಮೀಟರ್, ಎಕ್ಸಾಸ್ಟ್ ಕಡೆ 0.23ರಿಂದ 0.27. ನಮ್ಮ ಎಕ್ಸಾಸ್ಟಿನಲ್ಲಿ ಎರಡು ಟ್ಯಾಪೆಟ್ ಬಿಗಿಯಾಗಿದ್ದವು, ಫೀಲರ್ ಗೇಜಿನ ಎಲೆ ಒಳಗೇ ಹೋಗುತ್ತಿರಲಿಲ್ಲ. "ಇದು ಸರಿ ಇಲ್ಲದೆ ಕ್ಯಾಮ್ ತಿರುಗಿಸಿದ್ರೆ ಯಾವುದರಿಂದ ಏನಾಯ್ತು ಅಂತ ಗೊತ್ತೇ ಆಗಲ್ಲ" ಅಂದರು. ನಿಜ. ಅವನ್ನು ಸರಿ ಮಾಡಿದ್ದಕ್ಕೇ ಐಡ್ಲಿಂಗಿನ ನಡುಕ ಹೋಯಿತು.

ನಂತರದ್ದು ನನಗೆ ಬಹಳ ಇಷ್ಟವಾದ ಕೆಲಸ. ಪಿಸ್ಟನ್ ನಿಜವಾಗಿ ತುದಿಗೆ ಬರುವುದು ಎಲ್ಲಿ ಅಂತ ಹುಡುಕುವುದು. ಕ್ರ್ಯಾಂಕ್ ಪುಲ್ಲಿಯ ಮೇಲೆ ಬಿಳಿ ಗುರುತು ಇರುತ್ತದೆ. ಆದರೆ ಪುಲ್ಲಿಯ ನಡುವೆ ರಬ್ಬರ್ ಇದೆ. ಇಪ್ಪತ್ತು ವರ್ಷ ದಾಟಿದ ರಬ್ಬರ್ ಜಾರಿ ಹೊರಗಿನ ಬಳೆ ತಿರುಗಿದ್ದರೆ ಗುರುತು ಸುಳ್ಳು ಹೇಳುತ್ತದೆ. ಅಮ್ಮ ಸ್ವೆಟರ್ ಹೆಣೆಯುವ ಅಲ್ಯೂಮಿನಿಯಂ ಕಡ್ಡಿಯೊಂದನ್ನು ಕೇಳಿ ತಂದೆ. ಒಂದನೇ ಸಿಲಿಂಡರಿನ ಪ್ಲಗ್ ತೂತಿನಲ್ಲಿ ಇಳಿಸಿ ಪಿಸ್ಟನ್ ಮೇಲೆ ನಿಲ್ಲಿಸಿದೆವು. ಅಣ್ಣ ಸ್ಪ್ಯಾನರಿನಿಂದ ಕ್ರ್ಯಾಂಕ್ ನಿಧಾನಕ್ಕೆ ತಿರುಗಿಸಿದರು. ಈ ಎಂಜಿನ್ ಪುಲ್ಲಿಯ ಕಡೆಯಿಂದ ನೋಡಿದರೆ ಎಡಕ್ಕೆ ತಿರುಗುತ್ತದೆ, ಬೇರೆ ಗಾಡಿಗಳ ಅಭ್ಯಾಸದಲ್ಲಿ ಬಲಕ್ಕೆ ತಿರುಗಿಸಬಾರದು. ಕಡ್ಡಿ ಮೇಲೆ ಬಂತು, ನಿಂತಿತು, ಮತ್ತೆ ಇಳಿಯಿತು.

ತೊಂದರೆ ಇರುವುದು ಆ ನಿಲ್ಲುವ ಜಾಗದಲ್ಲಿ. ತುದಿಯಲ್ಲಿ ಕ್ರ್ಯಾಂಕ್ ಕೆಲವು ಡಿಗ್ರಿ ತಿರುಗಿದರೂ ಕಡ್ಡಿ ಅಲುಗಿದ್ದೇ ಕಾಣುವುದಿಲ್ಲ. ಅದಕ್ಕೆ ಕಡ್ಡಿಯ ಮೇಲೆ ಪೆನ್ನಿನಿಂದ ಒಂದು ಗೀರು ಹಾಕಿದೆ. ಹತ್ತುವಾಗ ಗೀರು ಪ್ಲಗ್ ತೂತಿನ ಅಂಚಿಗೆ ಬಂದ ಕ್ಷಣ ಪುಲ್ಲಿಯ ಮೇಲೆ ಒಂದು ಗುರುತು. ಇಳಿಯುವಾಗ ಮತ್ತೆ ಅದೇ ಅಂಚಿಗೆ ಬಂದಾಗ ಇನ್ನೊಂದು. ಎರಡರ ನಡುಮಧ್ಯ ಇರುವುದೇ ನಿಜವಾದ ತುದಿ. ಮೂರು ಸಲ ಮಾಡಿದೆವು. ಮೂರು ಸಲವೂ ಕಂಪನಿಯ ಬಿಳಿ ಗುರುತಿನ ಮೇಲೇ ಬಂತು. ರಬ್ಬರ್ ಜಾರಿರಲಿಲ್ಲ. ಬಹಳ ಸಮಾಧಾನವಾಯಿತು.

ಗೇರ್ ಹಾಕುವುದು ಅಂದುಕೊಂಡಷ್ಟು ಕಷ್ಟ ಆಗಲಿಲ್ಲ. ವಾಲ್ವ್ ಕವರ್ ತೆಗೆದು, ಟೈಮಿಂಗ್ ಬೆಲ್ಟಿನ ಮೇಲಿನ ಕವರ್ ತೆಗೆದೆವು. ಕ್ರ್ಯಾಂಕ್ ತುದಿಗೆ ತಂದು ಹಳೇ ಗೇರಿನ ಗುರುತುಗಳು ಹೆಡ್ಡಿನ ಮಟ್ಟಕ್ಕೆ ಬಂದಿವೆಯಾ ನೋಡಿದೆವು. ಕೂದಲೆಳೆಯಷ್ಟು ಹಿಂದೆ ಇದ್ದವು, ಫೇಸಿಂಗಿನ ಲೆಕ್ಕ ಕಣ್ಣಿಗೇ ಕಂಡಿತು. ಕೆಳಗಿನ ಕವರಿನ ರಬ್ಬರ್ ಮುಚ್ಚಳ ತೆಗೆದು ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರಿನ ಬೋಲ್ಟ್ ಸಡಿಲ ಮಾಡಿ, ಬೆಲ್ಟನ್ನು ಗೇರಿನಿಂದ ಜಾರಿಸಿ, ಕೆಳಗೆ ಕ್ರ್ಯಾಂಕಿನ ಹಲ್ಲು ಬಿಡದ ಹಾಗೆ ಒಂದು ದಾರದಿಂದ ಮೇಲಕ್ಕೆ ಎಳೆದು ಕಟ್ಟಿದೆವು. ಕ್ಯಾಮ್ ತುದಿಯಲ್ಲಿ ಸಣ್ಣ ಕೀ ಇರುತ್ತದೆ. ಅದು ಬೀಳಬಾರದು ಅಂತ ಕೆಳಗೆ ಬಟ್ಟೆ ತುರುಕಿದ್ದೆವು. ಹೊಸ ಗೇರನ್ನು ಸೊನ್ನೆಯಲ್ಲಿ ಇಟ್ಟು ಕೂರಿಸಿ, ಕ್ಯಾಮ್ ಬೋಲ್ಟನ್ನು ಟಾರ್ಕ್ ರೆಂಚಿನಲ್ಲಿ 37 ನ್ಯೂಟನ್ ಮೀಟರಿಗೆ ಬಿಗಿ ಮಾಡಿದೆವು. ಕ್ಯಾಮ್ ಗೇರ್ ಮೂರು ಹಲ್ಲು ಸರಿಯುವಷ್ಟು ಕ್ರ್ಯಾಂಕನ್ನು ಎಡಕ್ಕೆ ತಿರುಗಿಸಿ ಟೆನ್ಷನರ್ ಬಿಗಿ.

ಆಮೇಲೆ ಸ್ಟಾರ್ಟರ್ ಮುಟ್ಟುವ ಮೊದಲು ಕೈಯಲ್ಲೇ ಎರಡು ಪೂರ್ತಿ ಸುತ್ತು. ಈ ಎಂಜಿನ್ನಿನಲ್ಲಿ ಟೈಮಿಂಗ್ ತಪ್ಪಿದರೆ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ. ಬೆಲ್ಟಿನ ಒಂದೇ ಹಲ್ಲು ತಪ್ಪಿದರೂ ಕ್ರ್ಯಾಂಕಿನ ಲೆಕ್ಕದಲ್ಲಿ ಸುಮಾರು 19 ಡಿಗ್ರಿ. ಗೇರಿನ ಮೇಲೆ ಕೊರೆದಿರುವ ಗೆರೆಗಳು ಕ್ಯಾಮಿನ ಡಿಗ್ರಿ. ಅಲ್ಲಿ ಒಂದು ಸರಿಸಿದರೆ ಕ್ರ್ಯಾಂಕಿನಲ್ಲಿ ಎರಡು. ಇದು ತಲೆಯಲ್ಲಿ ಇರಲೇಬೇಕು.

ಅಳತೆಗೆ ಎಂಜಿನ್ನಿನ ಶಕ್ತಿ ಅಳೆಯುವ ಡೈನೊ ಯಂತ್ರ ಬೇಕಾದರೆ ಬೆಂಗಳೂರಿಗೆ ಹೋಗಬೇಕು. ನಾವು ಮೊಬೈಲ್ ಇಟ್ಟುಕೊಂಡೆವು. ಭಾವ ಪಕ್ಕದಲ್ಲಿ ಕೂತು ಟ್ಯಾಕೊಮೀಟರಿನ ವಿಡಿಯೊ ತೆಗೆಯುವುದು, ನಾನು ಎರಡನೇ ಗೇರಿನಲ್ಲಿ ಕಾಲು ಪೂರ್ತಿ ಒತ್ತುವುದು. ಸೆಕೆಂಡಿಗೆ 30 ಫ್ರೇಮ್. ಮುಳ್ಳು 3000 ದಾಟಿದ್ದರಿಂದ 4500ಕ್ಕೆ ಎಷ್ಟು ಫ್ರೇಮ್, ಅಲ್ಲಿಂದ 6500ಕ್ಕೆ ಎಷ್ಟು ಅಂತ ರಾತ್ರಿ ಕೂತು ಎಣಿಸುವುದು. ಬೆಳಿಗ್ಗೆ ಏಳು ಗಂಟೆಗೇ ಓಡಿಸುತ್ತಿದ್ದೆವು, ಗಾಳಿಯ ತಂಪು ದಿನದಿನಕ್ಕೆ ಜಾಸ್ತಿ ಬದಲಾಗಬಾರದು ಅಂತ. ಟ್ಯಾಂಕಿನಲ್ಲಿ ಯಾವಾಗಲೂ ಅರ್ಧ ಪೆಟ್ರೋಲ್. ಪ್ರತಿ ಸೆಟ್ಟಿಂಗಿಗೆ ಮೂರು ಓಟ, ಮೂರರ ಸರಾಸರಿ.

ಸೊನ್ನೆಯಲ್ಲಿ ಕೆಳಗಿನ ಅರ್ಧಕ್ಕೆ 61 ಫ್ರೇಮ್, ಮೇಲಿನ ಅರ್ಧಕ್ಕೆ 81. ಒಟ್ಟು 142.

ಮೊದಲ ದಿನವೇ ಕ್ಯಾಮನ್ನು ಎರಡು ಡಿಗ್ರಿ ಮುಂದಕ್ಕೆ ಸರಿಸಿದೆವು. ಐದು ಬೋಲ್ಟ್ ಸಡಿಲ ಮಾಡಿದ ಕೂಡಲೇ ವಾಲ್ವ್ ಸ್ಪ್ರಿಂಗುಗಳು ಕ್ಯಾಮನ್ನು ತಮ್ಮಷ್ಟಕ್ಕೆ ತಳ್ಳುತ್ತವೆ. ಅದಕ್ಕೆ ನಡುವಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಒಬ್ಬರು ಗಟ್ಟಿಯಾಗಿ ಹಿಡಿದಿರಬೇಕು. ಹಿಡಿದು, ಸರಿಸಿ, ಬಿಗಿ ಮಾಡಿ, ಓಡಿಸಿದೆ. ಏರಿನಲ್ಲಿ ಗಾಡಿ ಎಳೆದ ರೀತಿಗೆ ಭಾವ ಮೊಬೈಲ್ ಕೆಳಗಿಳಿಸಿ ನನ್ನ ಮುಖ ನೋಡಿದರು. ಎಣಿಸಿದರೆ 56, 80. ಒಟ್ಟು 136! ಕೆಳಗೂ ಲಾಭ, ಮೇಲೂ ಲಾಭ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎರಡೂ ಕಡೆ ಲಾಭ ಬಂದಿದ್ದೇ ತಪ್ಪಿನ ಸುಳಿವು ಅಂತ ಆಗ ಹೊಳೆಯಲಿಲ್ಲ. ಭಾನುವಾರ ಸಂಪಾಜೆಗೆ ಇಳಿದು, ಅಲ್ಲಿ ಚಹಾ ಕುಡಿದು, ಮಧ್ಯಾಹ್ನದ ಬಿಸಿಲಿನಲ್ಲಿ ವಾಪಸ್ ಹತ್ತಿದೆವು. ಮೂರನೇ ಗೇರ್, ಕಾಲು ಮುಕ್ಕಾಲು ಒತ್ತಿದೆ. ಸಣ್ಣ ಡಬ್ಬಿಯಲ್ಲಿ ಹುಣಸೆಬೀಜ ಅಲ್ಲಾಡಿಸಿದ ಹಾಗೆ ಶಬ್ದ. ಕಟಕಟಕಟ. ನಾಕಿಂಗ್, ಅಂದರೆ ಸಿಲಿಂಡರಿನೊಳಗೆ ಪೆಟ್ರೋಲ್ ಹದ ತಪ್ಪಿ ತಾನಾಗೇ ಹೊತ್ತಿಕೊಳ್ಳುವುದು. ತಕ್ಷಣ ಕಾಲು ತೆಗೆದೆ. ಅಲ್ಲಿಂದ ಮಡಿಕೇರಿವರೆಗೆ ಕಾಲು ಹಗುರ ಇಟ್ಟುಕೊಂಡೇ ಬಂದೆ.

ಅಣ್ಣನಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಡಿಸ್ಟ್ರಿಬ್ಯೂಟರ್ ಮತ್ತೆ ಸೆಟ್ ಮಾಡಿದ್ರಾ?"

ಮಾಡಿರಲಿಲ್ಲ. ಈ ಎಂಜಿನ್ನಿನಲ್ಲಿ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಕೂರುವುದು ಕ್ಯಾಮಿನ ಇನ್ನೊಂದು ತುದಿಯಲ್ಲೇ. ಕ್ಯಾಮ್ ಸರಿದರೆ ಕಿಡಿ ಹಾರುವ ಸಮಯವೂ ಜೊತೆಗೇ ಸರಿಯುತ್ತದೆ. ನಾನು ಕ್ಯಾಮನ್ನು ಎರಡು ಡಿಗ್ರಿ ಮುಂದೆ ಮಾಡಿದ್ದೆ. ಕಿಡಿ ಕ್ರ್ಯಾಂಕಿನ ಲೆಕ್ಕದಲ್ಲಿ ನಾಲ್ಕು ಡಿಗ್ರಿ ಮುಂದೆ ಹೋಗಿತ್ತು. ಬೆಳಗಿನ ತಂಪಿನಲ್ಲಿ ಸಣ್ಣ ಓಟಕ್ಕೆ ಅದು ಚುರುಕಾಗಿ ಕಂಡಿತು. ಬಿಸಿ ಎಂಜಿನ್, ಭಾರ, ಏರು ಮೂರೂ ಸೇರಿದಾಗ ಪೆಟ್ರೋಲ್ ತಡೆದುಕೊಳ್ಳಲಿಲ್ಲ. ನಾಕಿಂಗ್ ಕೇಳಿಸಿಕೊಂಡೇ ಓಡಿಸಿದರೆ ಪಿಸ್ಟನ್ನೇ ತೂತಾಗಬಹುದು. ಕ್ಯಾಮ್ ಗೇರಿನ ಬಗ್ಗೆ ಮಾತಾಡುವವರು ಈ ಒಂದು ವಿಷಯವನ್ನು ಮೊದಲೇ ಹೇಳಬೇಕು ಅಂತ ನನಗೆ ಈಗಲೂ ಅನ್ನಿಸುತ್ತದೆ. ಗೇರ್ ಹಾಕಿದ ಕೂಡಲೇ ಬಂತು ಅಂದುಕೊಳ್ಳುವ ಎಳೆತದಲ್ಲಿ ಎಷ್ಟು ಪಾಲು ಕಿಡಿಯದು, ಎಷ್ಟು ಕ್ಯಾಮಿನದು ಅಂತ ಬೇರೆ ಮಾಡಲೇಬೇಕು.

ಮರುದಿನ ಅಣ್ಣ ಕಿಡಿಯ ಸಮಯ ತೋರಿಸುವ ಟೈಮಿಂಗ್ ಲೈಟ್ ಹಿಡಿದುಕೊಂಡು ಬಂದರು. ಎಂಜಿನ್ ಚೆನ್ನಾಗಿ ಬಿಸಿ ಮಾಡಿ, ಡ್ಯಾಶಿನ ಕೆಳಗಿರುವ ಸರ್ವಿಸ್ ಕನೆಕ್ಟರಿನ ಎರಡು ಪಿನ್ನುಗಳನ್ನು ವೈರಿನಿಂದ ಸೇರಿಸಿದರು. ಹಾಗೆ ಸೇರಿಸದಿದ್ದರೆ ಕಂಪ್ಯೂಟರ್ ತಾನೇ ಕಿಡಿಯನ್ನು ಹಿಂದೆ ಮುಂದೆ ಮಾಡುತ್ತಿರುತ್ತದೆ, ಅಳತೆ ಸರಿ ಬರುವುದಿಲ್ಲ. ಒಂದನೇ ಪ್ಲಗ್ ವೈರಿಗೆ ಕ್ಲಿಪ್. ಪುಲ್ಲಿಯ ಮೇಲೆ ಬೆಳಕು ಬಿದ್ದಾಗ ಕೆಂಪು ಗುರುತು ಮುಳ್ಳಿನ ಎದುರು ಇರಬೇಕಿತ್ತು. ಇರಲಿಲ್ಲ, ದೂರ ನಿಂತಿತ್ತು. ಡಿಸ್ಟ್ರಿಬ್ಯೂಟರಿನ ಮೂರು ಬೋಲ್ಟ್ ಸಡಿಲ ಮಾಡಿ ನಿಧಾನಕ್ಕೆ ತಿರುಗಿಸಿದರು. ಕೆಂಪು ಗೆರೆ ತೆವಳಿಕೊಂಡು ಬಂದು ಮುಳ್ಳಿನ ಎದುರು ನಿಂತಿತು. ಹಾಗೇ ಬಿಗಿ ಮಾಡಿದರು.

ಅದೇ ಎರಡು ಡಿಗ್ರಿಯಲ್ಲಿ ಮತ್ತೆ ಓಡಿಸಿ ಎಣಿಸಿದೆವು. 58, 84. ಒಟ್ಟು 142. ಸೊನ್ನೆಯಲ್ಲಿ ಬಂದ ಒಟ್ಟು ಲೆಕ್ಕವೇ! ಕೆಳಗೆ ಮೂರು ಫ್ರೇಮ್ ಬಂತು, ಮೇಲೆ ಮೂರು ಹೋಯಿತು. ಮೊದಲ ದಿನ ಕುಣಿಸಿದ ಆರು ಫ್ರೇಮ್ ಪೂರ್ತಿ ಕಿಡಿಯದೇ ಆಗಿತ್ತು. ಸ್ವಲ್ಪ ಬೇಜಾರಾಯಿತು ನಿಜ. ಆದರೆ ಈ ಸಲದ ಲೆಕ್ಕವನ್ನು ನಂಬಬಹುದಿತ್ತು.

ಇನ್ನೊಂದು ಕಡೆಯನ್ನೂ ನೋಡೋಣ ಅಂತ ಎರಡು ಡಿಗ್ರಿ ಹಿಂದಕ್ಕೆ ಹಾಕಿದೆವು, ಕಿಡಿ ಮತ್ತೆ ಸೆಟ್ ಮಾಡಿ. 66, 79. ಮೇಲೆ ವಿಟೆಕ್ ಕಚ್ಚಿದ ಮೇಲೆ ಗಾಡಿಯ ದನಿಯೇ ಬೇರೆ, ತೋಟದವರು ಕೆಲಸ ಬಿಟ್ಟು ನೋಡುವಷ್ಟು ಚೆಂದ. ಆದರೆ ತಿರುವಿನಿಂದ ಹೊರಡುವಾಗ ಸತ್ತ ಹಾಗೆ. ರೇಸ್ ಟ್ರ್ಯಾಕಿನಲ್ಲಿ 5000ದ ಕೆಳಗೆ ಇಳಿಸದೆ ಓಡಿಸುವವರಿಗೆ ಇದು ಸರಿ ಇರಬಹುದು. ಸೋಮವಾರಪೇಟೆ ಸಂತೆಗೆ ಹೋಗಿ ಬರುವವರಿಗೆ ಬೇಡ.

ಕೊನೆಗೆ ಒಂದು ಡಿಗ್ರಿ ಮುಂದಕ್ಕೆ. 59, 81. ಒಟ್ಟು 140. ಮೇಲಿನದು ಏನೂ ಹೋಗಲಿಲ್ಲ, ಕೆಳಗೆ ಎರಡು ಫ್ರೇಮ್ ಬಂತು. ಎರಡು ಫ್ರೇಮ್ ಅಂದರೆ ಸೆಕೆಂಡಿನ ಹದಿನೈದನೇ ಒಂದು ಭಾಗ. ಮೊಬೈಲ್ ವಿಡಿಯೊದಲ್ಲಿ ಅಷ್ಟು ತಪ್ಪುವುದೂ ಇದೆ ಅಂತ ಇನ್ನೂ ಎರಡು ಬೆಳಿಗ್ಗೆ ಸೊನ್ನೆಗೂ ಒಂದಕ್ಕೂ ಬದಲಿಸಿ ಬದಲಿಸಿ ಓಡಿಸಿದೆ. ಪ್ರತಿ ಸಲವೂ ಒಂದು ಡಿಗ್ರಿಯದೇ ಮುಂದೆ. ಫೇಸಿಂಗಿನಿಂದ ಹಿಂದೆ ಹೋಗಿದ್ದು ಕ್ಯಾಮಿನ ಲೆಕ್ಕದಲ್ಲಿ ಅರ್ಧ ಡಿಗ್ರಿ. ಹಾಗಾಗಿ ಈ ಒಂದರಲ್ಲಿ ಅರ್ಧ ಕಂಪನಿ ಇಟ್ಟ ಜಾಗಕ್ಕೆ ವಾಪಸ್ ತಂದಿದ್ದು, ಇನ್ನರ್ಧ ಮಾತ್ರ ನಾವು ಸೇರಿಸಿದ್ದು. 106ಕ್ಕೆ ಒಂದು ಕುದುರೆಯೂ ಜಾಸ್ತಿ ಆಗಿದೆ ಅಂತ ನಾನು ಹೇಳುವುದಿಲ್ಲ. ಗಾಡಿ ಎಳೆಯುವ ಜಾಗ ನಮ್ಮ ರಸ್ತೆಗೆ ಬೇಕಾದ ಕಡೆ ಬಂದಿದೆ.

ಒಂದು ಕೆಲಸ ಬಾಕಿ ಇತ್ತು. ಹೊಸ ಗೇರ್ ಹಳೆಯದಕ್ಕಿಂತ ಹೊರಗೆ ಉಬ್ಬಿದೆ. ಮೇಲಿನ ಪ್ಲಾಸ್ಟಿಕ್ ಕವರ್ ಬೋಲ್ಟುಗಳ ತಲೆಗೆ ತಾಗುತ್ತಿತ್ತು. ಗೇರ್ ಕಾಣಲಿ ಅಂತ ಕವರ್ ತೆಗೆದೇ ಓಡಿಸುವವರಿದ್ದಾರೆ. ನಮ್ಮ ಮಳೆಗಾಲದ ಕೆಸರು ನೀರು ಬೆಲ್ಟಿಗೆ ಬಿದ್ದರೆ ಕಥೆ ಮುಗಿಯಿತು, ಬೆಲ್ಟ್ ಹೋದರೆ ವಾಲ್ವೂ ಹೋಗುತ್ತದೆ. ಕವರಿನ ಒಳಬದಿಯಲ್ಲಿ ತಾಗುವ ಏಣನ್ನು ಅರದಿಂದ ಉಜ್ಜಿ ತೆಗೆದೆ. ಅರ್ಧ ದಿನ ಹಿಡಿಯಿತು. ಕವರ್ ಹಾಕುವ ಮೊದಲು ಗೇರಿನ ಎರಡು ತುಂಡುಗಳೂ ಸೇರುವ ಜಾಗದಲ್ಲಿ ಬಿಳಿ ಪೇಂಟಿನಿಂದ ಅಡ್ಡಕ್ಕೆ ಒಂದು ಗೆರೆ ಎಳೆದೆ. ಬೋಲ್ಟ್ ಸಡಿಲವಾಗಿ ಕ್ಯಾಮ್ ಜಾರಿದರೆ ಗೆರೆ ಮುರಿದು ಎರಡಾಗುತ್ತದೆ.

ನೂರು ಕಿಲೋಮೀಟರಿಗೆ ಬಿಚ್ಚಿ ನೋಡಿದೆ. ಸಾವಿರಕ್ಕೆ ಮತ್ತೆ. ಮೊನ್ನೆ ಜೂನಿನ ಮಳೆ ಹಿಡಿಯುವ ಮೊದಲು ಮಂಗಳೂರಿಗೆ ಹೋಗಿ ಬಂದೆವು. ಅದೇ ಅಮ್ಮ, ಅಕ್ಕ, ಅಕ್ಕನ ಮಗಳು, ಅಷ್ಟೇ ಸಾಮಾನು. ಕೊಯನಾಡು ದಾಟಿದ ಮೇಲೆ ಬಹಳಷ್ಟು ತಿರುವುಗಳನ್ನು ಮೂರರಲ್ಲೇ ಹತ್ತಿದೆ. ಎರಡು ಕಡಿದಾದ ತಿರುವಿನಲ್ಲಿ ಮಾತ್ರ ಎರಡಕ್ಕೆ ಇಳಿಸಿದೆ. ಭಾವ ಕಿಟಕಿ ಇಳಿಸಿ ಕಿವಿ ಹೊರಗಿಟ್ಟು ಕೂತಿದ್ದರು, ಕಟಕಟ ಎಲ್ಲಾದರೂ ಕೇಳುತ್ತದಾ ಅಂತ. ಕೇಳಲಿಲ್ಲ. ಮನೆಗೆ ಬಂದು ಎಂಜಿನ್ ತಣ್ಣಗಾದ ಮೇಲೆ ಕವರ್ ಬಿಚ್ಚಿದೆ. ಬಿಳಿ ಗೆರೆ ಒಂದೇ ಗೆರೆಯಾಗಿ ಹಾಗೇ ಇತ್ತು.